ಬಯಕೆ ಬೇರೆ, ಆಸೆ ಬೇರೆ

ಭೂಮಿ ಹುಣ್ಣಿಮೆ ಕಳೆದು ನಾಲ್ಕು ದಿನ ಆಯ್ತು. ಅವತ್ತಿಂದ ಒಂದು ಮಾತು ತಲೆ ಕೊರೀತಾ ಇದೆ. ಸ್ವಲ್ಪ ಉದ್ದ ಬರೀತೀನಿ, ಪುರುಸೊತ್ತಿದ್ದಾಗ ಓದಿ.

ಹುಣ್ಣಿಮೆ ದಿನ ಬೆಳಕು ಹರಿಯೋ ಮುಂಚೆ ಬುಟ್ಟಿ ಹೊತ್ತು ಕೆಳಗಿನ ಗದ್ದೆಗೆ ಹೋಗಿದ್ವಿ. ಭತ್ತ ಹೊಡೆ ತುಂಬಿ ನಿಂತಿತ್ತು. ಪೂಜೆ ಮಾಡಿ, ಎಡೆ ಹಾಕಿ, ಬದುವಿನ ಮೇಲೆ ಕಡುಬು ತಿನ್ನುವಾಗ ಮಗ ಅಂದ, "ಅಪ್ಪಯ್ಯ, ಬರೋ ವರ್ಷ ಈ ಒಂದೆಕರೆಗೂ ಅಡಿಕೆ ಹಾಕಿಬಿಡಣ. ಸುತ್ತ ಎಲ್ಲರದ್ದೂ ಆಯ್ತು." ನಮ್ಮ ಮನೆಯವಳು ತಲೆ ಎತ್ತದೆ ಕೇಳಿದಳು, "ಹಂಗಾದ್ರೆ ಭತ್ತದ ಬಯಕೆ ಎಲ್ಲಿ ತೀರ್ಸೋದು?"

ನಮ್ಮ ಕಡೆ ಬಯಕೆ ಅನ್ನೋ ಪದ ಬಸುರಿ ಹೆಂಗಸಿಗೆ ಸೇರಿದ್ದು. ಅವಳು ಹುಳಿ ಕೇಳಿದ್ರೂ ಮಣ್ಣು ಕೇಳಿದ್ರೂ ಯಾರೂ ಬೈಯಲ್ಲ. ಯಾಕಂದ್ರೆ ಕೇಳ್ತಿರೋದು ಒಳಗಿನ ಜೀವ. ಹೊಡೆ ತುಂಬಿದ ಪೈರೂ ಬಸುರಿಯೇ ಅಂತ ಹಿರಿಯರು ಭೂಮಿಗೂ ಅದೇ ಪದ ಇಟ್ಟರು. ಬಯಕೆಗೆ ಒಂದು ಅವಧಿ ಉಂಟು. ಹೆರಿಗೆ ಆದ್ಮೇಲೆ ಆ ಮಾವಿನಕಾಯಿ ಬೇಕು ಅನ್ಸಲ್ಲ.

ಆಸೆಗೆ ಅಂಥ ಅವಧಿ ಇಲ್ಲ. ಹಂಗಂತ ಆಸೆ ಕೆಟ್ಟದ್ದು ಅಂತ ನಾನು ಹೇಳಲ್ಲ. "ಮಳೆ ಬರುತ್ತೆ ಅನ್ನೋ ಆಸೆ ಇದೆ" ಅಂತೀವಿ, ಅಲ್ಲಿ ಆಸೆ ಅಂದ್ರೆ ನಂಬಿಕೆ. "ಈ ಸಲದ ಬೆಳೆ ಆಸೆ ಬಿಟ್ಟೆ" ಅನ್ನೋನ ಮುಖ ನೋಡಕ್ಕಾಗಲ್ಲ. ಆಸೆ ಇಲ್ದಿದ್ರೆ ಯಾವ ರೈತ ಬೀಜ ಚೆಲ್ತಾನೆ? ಆದ್ರೆ ಪಕ್ಕದವನ ತೋಟ ನೋಡಿ ಹುಟ್ಟೋ ಆಸೆ ಇದೆಯಲ್ಲ, ಅದು ಬೇರೆ ಜಾತಿ. ಅದನ್ನ ಬೇರೆಯವರು ಮಾಡಿದ್ರೆ ದುರಾಸೆ ಅಂತೀವಿ, ನಾವು ಮಾಡಿದ್ರೆ ಮಕ್ಕಳ ಭವಿಷ್ಯ ಅಂತೀವಿ.

ನಾನೇನು ಸಾಚಾ ಅಲ್ಲ. ಮೇಲಿನ ಅರ್ಧ ಎಕರೆಗೆ ನಾನೂ ಅಡಿಕೆ ಹಾಕಿದೋನೇ. ಮಗನ ಕಾಲೇಜು ಫೀಸು ಹುಟ್ಟಿದ್ದು ಅಲ್ಲೇ. ಭತ್ತದಲ್ಲಿ ಕೂಲಿ ಕಳೆದ್ರೆ ಎಂತ ಉಳಿಯುತ್ತೆ ಅಂತ ನಿಮಗೂ ಗೊತ್ತು. ಅಲ್ಲಿ ನೆಲಕ್ಕೆ ಇಳಿಜಾರು ಇತ್ತು, ನೀರು ಬಸಿದು ಹೋಗ್ತಿತ್ತು, ಬಾವಿ ಪಕ್ಕದಲ್ಲೇ ಇತ್ತು. ಆ ನೆಲ ಅಡಿಕೆನ ಬಯಸ್ತಿತ್ತು ಅಂತ ಈಗಲೂ ಅಂತೀನಿ.

ಕೆಳಗಿನ ಗದ್ದೆ ಹಂಗಲ್ಲ. ಮಳೆಗಾಲ ಪೂರ್ತಿ ನೀರು ನಿಲ್ಲುತ್ತೆ. ಅಡಿಕೆ ಬೇರು ನಿಂತ ನೀರು ತಡೆಯಲ್ಲ. ಆಳದ ಬಸಿಗಾಲುವೆ ತೆಗೀಬೇಕು. ಬೇಸಿಗೆಗೆ ಬೋರು ಕೊರೆಸ್ಬೇಕು, ಅದಕ್ಕೆ ಸಾಲ. 9 ಅಡಿಗೊಂದರಂತೆ ಎಕರೆಗೆ 540 ಗಿಡದ ಹತ್ತಿರ ಹಿಡಿಯುತ್ತೆ. ಫಸಲು ಕಾಣೋಕೆ ಐದಾರು ವರ್ಷ. ಅಷ್ಟರಲ್ಲಿ ಕೊಳೆ, ಎಲೆಚುಕ್ಕಿ. ಬಡ್ಡಿ ಮಾತ್ರ ಮೊದಲ ತಿಂಗಳಿಂದಲೇ ಫಸಲು ಕೊಡುತ್ತೆ. ಮೇಲೆ ಊಟದ ಅಕ್ಕಿ, ದನದ ಹುಲ್ಲು ಎರಡೂ ಅಂಗಡಿಯಿಂದ ಬರ್ಬೇಕು.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ಗಿಡ ತರೋ ಮುಂಚೆ ಕೇಳ್ಕೊಳ್ಳಿ: ಇದು ನೆಲದ ಬಯಕೆಯೋ, ನನ್ನ ಆಸೆಯೋ? ಮಳೆಗಾಲದಲ್ಲಿ ಒಂದು ಗುಂಡಿ ತೆಗೆದು ನೋಡಿ, ಬೇಸಿಗೆಯಲ್ಲಿ ಬಾವಿ ಇಣುಕಿ ನೋಡಿ, ಉತ್ತರ ಅಲ್ಲೇ ಸಿಗುತ್ತೆ.

ಮಗನಿಗೂ ಇದನ್ನೇ ಹೇಳಿದೆ. ಅವನು ಒಪ್ಪಲಿಲ್ಲ. "ನಿನ್ನ ಗದ್ದೆ ಪ್ರೀತಿನೂ ಒಂದು ಆಸೆನೇ ಅಲ್ವಾ ಅಪ್ಪಯ್ಯ?" ಅಂದ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಬರೋ ಮಳೆಗಾಲ ಇಬ್ಬರೂ ಸೇರಿ ಗುಂಡಿ ತೆಗೆದು ನೋಡೋದು ಅಂತ ಆಗಿದೆ. ಅಲ್ಲೀವರೆಗೆ ಗಿಡ ತರೋ ಹಾಗಿಲ್ಲ.

ಗದ್ದೆ ತೋಟ ಮಾಡಿದೋರು ನಿಮ್ಮ ಅನುಭವ ಬರೀರಿ. ಲಾಭ ಆಗಿದ್ರೂ ಬರೀರಿ, ಮಗನಿಗೆ ಓದಿ ಹೇಳ್ತೀನಿ.