ಮೂತ್ರಪಿಂಡ ಪಡೆದವರ ಮನೆಯವರಿಗೆ ಒಂದು ಮಾತು

ಒಬ್ಬರ ಮೂತ್ರಪಿಂಡವನ್ನು ಮತ್ತೊಬ್ಬರ ದೇಹದಲ್ಲಿರಿಸಿ ಪ್ರಾಣವನ್ನುಳಿಸುವ ವಿದ್ಯೆಯು 1954ನೆಯ ಇಸವಿಯಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಫಲಿಸಿತು. ದಾನಿಯೂ ರೋಗಿಯೂ ಏಕರೂಪದ ಅವಳಿ ಸೋದರರಾಗಿದ್ದುದರಿಂದ, ದೇಹವು ಆ ಅಂಗವನ್ನು ತನ್ನದೆಂದೇ ಬಗೆಯಿತು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನಲ್ಲಿ ಇದು ಸಿದ್ಧಿಸಿತು. ಈಗ ಬೆಂಗಳೂರಿನ ನೆಫ್ರೋ-ಯುರಾಲಜಿ ಸಂಸ್ಥೆಯೇ ಮೊದಲಾದ ಕಡೆಗಳಲ್ಲಿ ಈ ಚಿಕಿತ್ಸೆ ನಡೆಯುವುದರಿಂದ, ಮಂಡ್ಯ, ಮದ್ದೂರು, ಮಳವಳ್ಳಿಗಳ ಗೃಹಸ್ಥರಿಗೂ ಈ ವಿಷಯವು ದೂರದ್ದಲ್ಲ.

ಅವಳಿಯಲ್ಲದ ದಾನಿಯ ಅಂಗವನ್ನು, ಅದು ಹೆತ್ತ ತಾಯಿಯದೇ ಆಗಿರಲಿ, ದೇಹವು ಪರಕೀಯವೆಂದೆಣಿಸಿ ನಾಶಮಾಡಲೆಳಸುವುದು. ಅದನ್ನು ತಡೆಯಲು ಟ್ಯಾಕ್ರೊಲಿಮಸ್, ಮೈಕೋಫಿನೊಲೇಟ್, ಅಜಥಯೋಪ್ರಿನ್ ಮೊದಲಾದ ಔಷಧಗಳನ್ನು ಅಂಗವು ಕೆಲಸ ಮಾಡುವವರೆಗೂ ಸೇವಿಸಬೇಕು. ಇವು ದೇಹದ ರಕ್ಷಣಶಕ್ತಿಯನ್ನು ಕುಗ್ಗಿಸುವುವು. ಮನೆಗೆ ಬಂದ ಅತಿಥಿಯನ್ನು ತಡೆಯದಿರಲೆಂದು ಕಾವಲುಗಾರನಿಗೆ ತೂಕಡಿಕೆ ಬರಿಸಿದರೆ, ಅದೇ ರಾತ್ರಿ ಕಬ್ಬಿನ ಗದ್ದೆಗೆ ಹಂದಿಯೂ ನುಗ್ಗಬಹುದಲ್ಲವೆ?

ಆ ಹಂದಿಯೇ ಅರ್ಬುದ, ಎಂದರೆ ಕ್ಯಾನ್ಸರ್. ದಾರಿತಪ್ಪಿದ ಕಣಗಳನ್ನೂ, ಕೆಲವು ಅರ್ಬುದಗಳಿಗೆ ಕಾರಣವಾದ ವೈರಸ್ಸುಗಳನ್ನೂ ಅಡಗಿಸತಕ್ಕ ಶಕ್ತಿಯು ಕುಂದುವುದರಿಂದ, ಇಂಥವರಲ್ಲಿ ಈ ರೋಗದ ಸಂಭವವು ಇತರರಿಗಿಂತ ಒಟ್ಟಿನಲ್ಲಿ ಎರಡು ಮೂರು ಪಾಲು ಹೆಚ್ಚೆಂದು ವೈದ್ಯರು ಕಂಡಿರುವರು. ದುಗ್ಧಗ್ರಂಥಿಗಳ ಅರ್ಬುದ, ಚರ್ಮದ ಅರ್ಬುದ, ಸ್ತ್ರೀಯರಲ್ಲಿ ಗರ್ಭಕೋಶದ ಕಂಠದ ಅರ್ಬುದ ಇವು ಅವುಗಳಲ್ಲಿ ಕೆಲವು. ಚರ್ಮದ ರೋಗವು ಬಿಳಿಯ ಮೈಯವರಲ್ಲಿ ಬಹಳವಾಗಿಯೂ ನಮ್ಮವರಲ್ಲಿ ವಿರಳವಾಗಿಯೂ ಇರುವುದು.

ಇದನ್ನೋದಿ ಯಾರೂ ಎದೆಗುಂದಬಾರದು. ಸಂಭವವು ಹೆಚ್ಚೆಂದರೆ ರೋಗವು ಬಂದೇ ತೀರುವುದೆಂದು ಅರ್ಥವಲ್ಲ, ಬಹುಮಂದಿಗೆ ಬಾರದು. ಅದಕ್ಕಿಂತಲೂ ಘೋರವಾದುದು, ಭಯಪಟ್ಟು ತಾನಾಗಿ ಔಷಧವನ್ನು ಬಿಡುವುದು. ಹಾಗೆ ಮಾಡಿದರೆ ದಾನವಾಗಿ ಬಂದ ಅಂಗವೇ ಕೆಡುವುದು. ದಾನಿಯ ತ್ಯಾಗವೂ ವ್ಯರ್ಥವಾಗುವುದು. ಔಷಧದ ಪ್ರಮಾಣವನ್ನು ತಗ್ಗಿಸುವುದಾಗಲಿ ಬದಲಿಸುವುದಾಗಲಿ ವೈದ್ಯನ ಕೆಲಸ.

ಮನೆಯವರ ಕೆಲಸವು ಬೇರೆಯೇ ಉಂಟು. ತಿಂಗಳಿಗೊಮ್ಮೆ ಒಳ್ಳೆಯ ಬೆಳಕಿನಲ್ಲಿ ರೋಗಿಯ ಬೆನ್ನು, ಕಿವಿಯ ಹಿಂಭಾಗ, ತುಟಿ, ಬಾಯಿಗಳನ್ನು ನೋಡತಕ್ಕದ್ದು. ತನ್ನ ಬೆನ್ನು ತನಗೆ ಕಾಣದಷ್ಟೆ. ಮಾಯದ ಹುಣ್ಣು, ಬೆಳೆಯುವ ಮಚ್ಚೆ, ಕುತ್ತಿಗೆ ಕಂಕುಳುಗಳಲ್ಲಿ ಗಂಟು, ಕಾರಣವಿಲ್ಲದ ಜ್ವರ, ಮೈ ಇಳಿಯುವುದು, ಮೂತ್ರದಲ್ಲಿ ರಕ್ತ, ಇವುಗಳಲ್ಲೊಂದು ಕಂಡರೂ ಮುಂದಿನ ಗೊತ್ತಾದ ದಿನದವರೆಗೆ ಕಾಯದೆ ವೈದ್ಯನಿಗೆ ತಿಳಿಸಬೇಕು. ಗದ್ದೆಯ ಕೆಲಸಕ್ಕೆ ಹೋಗುವವರು ನಡುಹಗಲಿನ ಬಿಸಿಲನ್ನು ಬಿಟ್ಟು, ತುಂಬುತೋಳಿನ ಅಂಗಿಯನ್ನೂ ತಲೆಗೆ ವಸ್ತ್ರವನ್ನೂ ಧರಿಸಲಿ. ಹೊಗೆಸೊಪ್ಪು, ಬೀಡಿಗಳಂತೂ ಸರ್ವಥಾ ವರ್ಜ್ಯ. ಸ್ತ್ರೀಯರು ಸಂಕೋಚವನ್ನು ತೊರೆದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ.

ಶಸ್ತ್ರಚಿಕಿತ್ಸೆಯಾಗಿ ಐದು ಹತ್ತು ವರ್ಷ ಕಳೆದ ಮೇಲೆ, ಇನ್ನು ಗಂಡಾಂತರವಿಲ್ಲವೆಂದು ಮನೆಯವರ ಎಚ್ಚರವು ಸಡಿಲವಾಗುವುದು ಲೋಕದ ಸ್ವಭಾವ. ಆದರೆ ಔಷಧಸೇವನೆಯ ವರ್ಷಗಳು ಬೆಳೆದಂತೆಲ್ಲ ಈ ಅಪಾಯವೂ ಬೆಳೆಯುವುದು. ಮೊದಲ ವರ್ಷದಲ್ಲಿದ್ದ ಎಚ್ಚರವನ್ನೇ ಹತ್ತನೆಯ ವರ್ಷದಲ್ಲಿಯೂ ಉಳಿಸಿಕೊಂಡ ಮನೆಯವರು, ರೋಗವನ್ನು ಅದು ಚಿಕ್ಕದಾಗಿರುವಾಗಲೇ ಹಿಡಿಯಬಲ್ಲರು. ಚಿಕ್ಕದಾಗಿರುವಾಗ ಹಿಡಿದದ್ದು ಬಹುಮಟ್ಟಿಗೆ ಸಾಧ್ಯರೋಗವೇ ಸರಿ.