ಉತ್ತರ ಬಾರದ ಪ್ರಾರ್ಥನೆಗಳ ಬಗ್ಗೆ

ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವ ಪದ್ಧತಿಯೊಂದಿದೆ. ಹೊಸ ವರ್ಷದ ಹಿಂದಿನ ರಾತ್ರಿಯ ಆರಾಧನೆಯಲ್ಲಿ, ಸುಗ್ಗಿ ಹಬ್ಬದಲ್ಲಿ, ಮನೆಗಳಲ್ಲಿ ನಡೆಯುವ ಪ್ರಾರ್ಥನಾ ಕೂಟಗಳಲ್ಲಿ ಒಬ್ಬೊಬ್ಬರಾಗಿ ಎದ್ದು ನಿಂತು ದೇವರು ತಮಗೆ ಮಾಡಿದ ಉಪಕಾರವನ್ನು ಹೇಳುತ್ತಾರೆ. ಒಬ್ಬರಿಗೆ ಕೆಲಸ ದೊರೆಯಿತು, ಇನ್ನೊಬ್ಬರಿಗೆ ವೀಸಾ ಬಂತು, ಮತ್ತೊಬ್ಬರ ಶಸ್ತ್ರಚಿಕಿತ್ಸೆ ಸುಗಮವಾಗಿ ಮುಗಿಯಿತು. ಹಾಗೆ ನಿಂತು ಹೇಳಿದವರಲ್ಲಿ ನನ್ನ ವಿದ್ಯಾರ್ಥಿಗಳು ಅನೇಕರಿದ್ದಾರೆ; ಅವರ ಸಂತೋಷದಲ್ಲಿ ನನಗೂ ಪಾಲಿದೆ. ಆದರೆ ಈ ಎಪ್ಪತ್ತಾರು ವರ್ಷಗಳಲ್ಲಿ ಒಬ್ಬರಾದರೂ ಎದ್ದು ನಿಂತು, ‘ನಾನು ಹತ್ತು ವರ್ಷ ಬೇಡಿದೆ, ಉತ್ತರ ಬರಲಿಲ್ಲ, ಇಂದೂ ಬೇಡುತ್ತಿದ್ದೇನೆ’ ಎಂದು ಸಾಕ್ಷಿ ಹೇಳಿದ್ದನ್ನು ನಾನು ಕೇಳಿಲ್ಲ. ಅಂಥವರು ಸಭೆಯಲ್ಲಿ ಇಲ್ಲವೆಂದಲ್ಲ. ಅವರು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಾರೆ.

ಅಂಥ ಒಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ. ಹೆಸರು, ಊರು ಬರೆಯುವುದಿಲ್ಲ. ಅವಳ ಮಗನಿಗೆ ಎಳವೆಯಿಂದಲೂ ಮೂರ್ಛೆರೋಗ. ಔಷಧೋಪಚಾರ ತಪ್ಪದೆ ನಡೆಯುತ್ತಿದೆ. ಅದರ ಜೊತೆಗೆ ಒಂಬತ್ತು ವರ್ಷಗಳಿಂದ ದಿನವೂ ಪ್ರಾರ್ಥನೆ. ಇತ್ತೀಚೆಗೆ ಬರೆದ ಪತ್ರದಲ್ಲಿ ಅವಳು ನನ್ನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಸರ್, ದೇವರ ಮೇಲೆ ಸಿಟ್ಟು ಮಾಡಿದರೆ ಅದು ಪಾಪವೇ? ನಿನ್ನ ವಿಶ್ವಾಸ ಸಾಲದು ಎಂದು ಎಲ್ಲರೂ ಹೇಳುತ್ತಾರೆ.” ಅವಳಿಗೆ ಉತ್ತರ ಬರೆದಾಗಿದೆ. ಆದರೆ ಈ ಪ್ರಶ್ನೆ ಅವಳೊಬ್ಬಳದಲ್ಲವಾದುದರಿಂದ ಅದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ನಾನು ದೇವಶಾಸ್ತ್ರ ಓದಿದವನಲ್ಲ. ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿದವನು. ಸತ್ಯವೇದವನ್ನು ಮಾತ್ರ ಚಿಕ್ಕಂದಿನಿಂದ ಓದುತ್ತ ಬಂದಿದ್ದೇನೆ.

ಪಾಪವಲ್ಲ ಎಂಬುದೇ ನನ್ನ ಉತ್ತರ. ಅಷ್ಟೇ ಅಲ್ಲ, ಆ ಸಿಟ್ಟನ್ನು ದೇವರ ಮುಂದೆಯೇ ಹೇಳಬೇಕೆಂದು ಸತ್ಯವೇದವೇ ಕಲಿಸುತ್ತದೆ. ಕೀರ್ತನೆಗಳ ಪುಸ್ತಕದಲ್ಲಿ 150 ಕೀರ್ತನೆಗಳಿವೆ. ಹೊಗಳಿಕೆಯ ಪುಸ್ತಕವೆಂದು ನಾವು ಭಾವಿಸುವ ಅದರಲ್ಲಿ ಸುಮಾರು ಮೂರನೆಯ ಒಂದು ಪಾಲು ಅಳಲು ಮತ್ತು ದೂರು. 13ನೆಯ ಕೀರ್ತನೆಯು ಮೊದಲ ಎರಡೇ ವಚನಗಳಲ್ಲಿ ‘ಎಷ್ಟರ ತನಕ’ ಎಂಬ ಪ್ರಶ್ನೆಯನ್ನು ನಾಲ್ಕು ಬಾರಿ ಕೇಳುತ್ತದೆ. 44ನೆಯದು ದೇವರನ್ನು ನಿದ್ದೆಯಿಂದ ಎಬ್ಬಿಸಲು ನೋಡುತ್ತದೆ. 77ನೆಯದು ದೇವರು ಕನಿಕರಿಸುವುದನ್ನೇ ಮರೆತುಬಿಟ್ಟನೋ ಎಂದು ಶಂಕಿಸುತ್ತದೆ. ಇಂಥ ಹೆಚ್ಚಿನ ಕೀರ್ತನೆಗಳು ಕೊನೆಗೆ ಹೇಗೋ ಭರವಸೆಯ ದಡ ಸೇರುತ್ತವೆ. ಆದರೆ 88ನೆಯದು ಸೇರುವುದಿಲ್ಲ. ಎಜ್ರಾಹ್ಯನಾದ ಹೇಮಾನನದೆಂದು ಹೇಳಲಾಗುವ ಆ ಕೀರ್ತನೆ ಹಗಲಿರುಳು ಮೊರೆಯಿಡುವವನ ಮಾತಿನಿಂದ ತೊಡಗಿ ಕತ್ತಲೆಯಲ್ಲೇ ಮುಗಿದುಹೋಗುತ್ತದೆ. ಬೆಳಗಾಗುವುದಿಲ್ಲ. ಈ ಪುಸ್ತಕವನ್ನು ಸಂಗ್ರಹಿಸಿದ ಹಿರಿಯರು ಅದನ್ನು ಬಿಟ್ಟುಬಿಡಬಹುದಿತ್ತು. ಕೊನೆಗೊಂದು ಸಮಾಧಾನದ ವಾಕ್ಯ ಸೇರಿಸಬಹುದಿತ್ತು. ಹಾಗೆ ಮಾಡದೆ ಅದನ್ನು ಹಾಗೆಯೇ ಉಳಿಸಿಕೊಂಡದ್ದು ದೊಡ್ಡ ಮಾತು ಎಂದು ನನಗೆ ಅನ್ನಿಸುತ್ತದೆ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಆ ಕತ್ತಲೆಯ ಕೀರ್ತನೆಯೂ ಪ್ರಾರ್ಥನೆಯೆಂದೇ ಎಣಿಸಲ್ಪಟ್ಟಿದೆ.

ಕನ್ನಡ ಓದಿದ ನಿಮಗೆ ಇಲ್ಲೊಂದು ಹೋಲಿಕೆ ಹೊಳೆಯಬಹುದು. ತರಗತಿಯಲ್ಲಿ ದಾಸಸಾಹಿತ್ಯ ಪಾಠ ಮಾಡುವಾಗ ನಿಂದಾಸ್ತುತಿಯ ಬಗ್ಗೆ ಹೇಳಿದ್ದೆನಷ್ಟೆ? ಪುರಂದರದಾಸರಂಥವರು ತಮ್ಮ ಸ್ವಾಮಿಯನ್ನು ಸಲುಗೆಯಿಂದ ಹಂಗಿಸುತ್ತಾರೆ, ಗದರುತ್ತಾರೆ. ಆ ಹಾಡುಗಳಲ್ಲಿ ಮೇಲ್ನೋಟಕ್ಕೆ ನಿಂದೆ, ಒಳಗೆ ಸ್ತುತಿ. ಕೀರ್ತನೆಗಳ ದೂರು ಅದಕ್ಕಿಂತ ಬೇರೆ. ಅದು ಒಳಗೂ ಹೊರಗೂ ದೂರೇ. ಆದರೆ ಎರಡರ ಬೇರೂ ಸಲುಗೆಯಲ್ಲಿದೆ. ಪರಿಚಯವಿಲ್ಲದವನ ಬಾಗಿಲಿಗೆ ಹೋಗಿ ‘ಯಾಕೆ ಬರಲಿಲ್ಲ’ ಎಂದು ಯಾರೂ ಜಗಳವಾಡುವುದಿಲ್ಲ.

ಇನ್ನು ‘ವಿಶ್ವಾಸ ಸಾಲದು’ ಎಂಬ ತೀರ್ಪಿನ ವಿಚಾರ. ಇದನ್ನು ಹೇಳುವವರೆಲ್ಲ ಯೋಬನ ಪುಸ್ತಕವನ್ನು ಒಮ್ಮೆ ಕುಳಿತು ಪೂರ್ತಿ ಓದಬೇಕೆಂದು ನನ್ನ ವಿನಂತಿ. ಮೊದಲೆರಡು ಅಧ್ಯಾಯ ಮತ್ತು ಕೊನೆಯದನ್ನು ಓದಿ, ‘ಯೋಬನು ತಾಳ್ಮೆಯಿಂದಿದ್ದನು, ಕಳೆದುಕೊಂಡದ್ದಕ್ಕೆ ಎರಡರಷ್ಟು ಪಡೆದನು’ ಎಂದು ಪ್ರಸಂಗ ಮಾಡುವವರೇ ಹೆಚ್ಚು. 42 ಅಧ್ಯಾಯಗಳ ಆ ಪುಸ್ತಕದ ನಡುವಿನ ಭಾಗದಲ್ಲಿ ಯೋಬನು ತಾಳ್ಮೆಯಿಂದ ಇಲ್ಲ. ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ, ದೇವರನ್ನು ವ್ಯಾಜ್ಯಕ್ಕೆ ಕರೆಯುತ್ತಾನೆ. ಅವನ ಮೂವರು ಸ್ನೇಹಿತರು, ಎಲೀಫಜ, ಬಿಲ್ದದ, ಚೋಫರ, ದೇವರ ಪರವಾಗಿ ವಾದಿಸುತ್ತಾರೆ. ನೀನು ಏನೋ ತಪ್ಪು ಮಾಡಿದ್ದೀ, ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವುದೇ ಅವರ ವಾದದ ತಿರುಳು. 38ನೆಯ ಅಧ್ಯಾಯದವರೆಗೆ ದೇವರು ಮೌನ. ಆ ಬಳಿಕ ಮಾತನಾಡುವಾಗಲೂ ‘ಏಕೆ’ ಎಂಬುದಕ್ಕೆ ಉತ್ತರವಿಲ್ಲ. ಆದರೆ ಕೊನೆಗೆ ದೇವರು ಸಿಟ್ಟಾಗುವುದು ಯಾರ ಮೇಲೆ? ತನ್ನೊಡನೆ ಜಗಳವಾಡಿದ ಯೋಬನ ಮೇಲಲ್ಲ. ತನ್ನ ಪರವಾಗಿ ವಾದಿಸಿದ ಸ್ನೇಹಿತರ ಮೇಲೆ. ಅವರು ತನ್ನ ವಿಷಯವಾಗಿ ಸರಿಯಾದದ್ದನ್ನು ಹೇಳಲಿಲ್ಲ, ಯೋಬನು ಹೇಳಿದನು ಎನ್ನುತ್ತಾನೆ. ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ?

ಆ ಸ್ನೇಹಿತರ ಸಂತತಿ ನಮ್ಮ ಮನೆಗೂ ಬಂದಿತ್ತು. 2011ರಿಂದ 2013ರವರೆಗೆ ನನ್ನ ಪತ್ನಿಗೆ ವಾರಕ್ಕೆ ಎರಡು ಬಾರಿ ಡಯಾಲಿಸಿಸ್ ನಡೆಯುತ್ತಿತ್ತು. ಒಮ್ಮೆಗೆ ನಾಲ್ಕು ಗಂಟೆ. ಮನೆಯಲ್ಲಿ ಕುಡಿಯುವ ನೀರೂ ಅಳತೆಯದು. ನಮ್ಮನ್ನು ನೋಡಲು ಬಂದ ಪ್ರಾರ್ಥನಾ ಗುಂಪಿನವರೊಬ್ಬರು ದೀರ್ಘ ಪ್ರಾರ್ಥನೆ ಮಾಡಿ, ಹೊರಡುವ ಮುಂಚೆ, “ಅಮ್ಮಾ, ಅರಿಕೆ ಮಾಡದ ಪಾಪ ಏನಾದರೂ ಇದೆಯೋ ಎಂದು ಪರೀಕ್ಷಿಸಿಕೊಳ್ಳಿ” ಎಂದರು. ಅವಳು ಏನೂ ಹೇಳಲಿಲ್ಲ. ಅವರಿಗೆ ಚಹಾ ಕೊಡಲು ಸೊಸೆಗೆ ಸನ್ನೆ ಮಾಡಿದಳು. ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಐವತ್ತು ವರ್ಷಗಳ ಹಿಂದಿನದನ್ನೆಲ್ಲ ನೆನೆದು, ಯಾವ ತಪ್ಪಿರಬಹುದೆಂದು ನನ್ನಲ್ಲಿ ಕೇಳುತ್ತಿದ್ದಳು. ರೋಗಕ್ಕಿಂತ ಹೆಚ್ಚಿನ ನೋವನ್ನು ಆ ಒಂದು ವಾಕ್ಯ ಕೊಟ್ಟಿತು. ಅವರು ಕೆಟ್ಟವರಲ್ಲ. ದೇವರ ಮೌನವನ್ನು ಸಹಿಸಲು ಅವರಿಂದ ಆಗಲಿಲ್ಲ, ಆದುದರಿಂದ ಅದಕ್ಕೊಂದು ಕಾರಣ ಬೇಕಾಯಿತು. ಹತ್ತಿರದಲ್ಲಿ ಸಿಕ್ಕಿದ್ದು ಹಾಸಿಗೆಯಲ್ಲಿ ಮಲಗಿದವಳು.

ನನ್ನ ಪತ್ನಿಯ ಪ್ರಾರ್ಥನೆಯ ರೀತಿಯನ್ನು ಇಲ್ಲಿ ಹೇಳಲೇಬೇಕು. ನಮ್ಮದು ತುಳು ಮನೆಮಾತಿನ ಕುಟುಂಬ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಬೆಳೆದ ಸಭೆಗಳಲ್ಲಿ ನಮ್ಮಂಥವರು ಹಲವರು ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ ಎಂದು ಬದುಕಿದವರು. ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ ಅವಳು ಕ್ರಮವಾಗಿ ಕನ್ನಡದಲ್ಲೇ ಪ್ರಾರ್ಥಿಸುತ್ತಿದ್ದಳು. ಅದು ಮುಗಿದು ದೀಪವಾರಿದ ಮೇಲೆ, ಮಗ್ಗುಲಾಗಿ ಮಲಗಿ, ತುಳುವಿನಲ್ಲಿ ಇನ್ನೊಂದು ಪ್ರಾರ್ಥನೆ ಆರಂಭವಾಗುತ್ತಿತ್ತು. ಅದು ಪ್ರಾರ್ಥನೆಯೋ ಜಗಳವೋ ಹೇಳುವುದು ಕಷ್ಟ. ಇಷ್ಟು ಕರೆದರೂ ಕೇಳುವುದಿಲ್ಲವೇ, ಕಿವಿಗೆ ಏನಾಗಿದೆ, ನಿನ್ನ ಮಗಳಾಗಿದ್ದರೆ ಹೀಗೆ ಬಿಡುತ್ತಿದ್ದೆಯಾ ಎಂಬ ಧಾಟಿ. ಇದನ್ನು ಕನ್ನಡದಲ್ಲಿ ಏಕೆ ಹೇಳುವುದಿಲ್ಲ ಎಂದು ಒಮ್ಮೆ ಕೇಳಿದೆ. “ಕನ್ನಡದಲ್ಲಿ ನನಗೆ ಬೈಯಲು ಬರುವುದಿಲ್ಲ, ಅದು ಸತ್ಯವೇದದ ಭಾಷೆ” ಎಂದಳು. ಕೀರ್ತನೆಗಳನ್ನು ಬರೆದವರಿಗೆ ಈ ತೊಂದರೆ ಇರಲಿಲ್ಲ. ಅವರು ಮನೆಮಾತಿನಲ್ಲೇ ಬೈಯಬಹುದಾಗಿತ್ತು. ಅವಳು ಗುಣವಾಗಲಿಲ್ಲ. ಕೊನೆಯ ವಾರದವರೆಗೂ ಎರಡೂ ಪ್ರಾರ್ಥನೆಗಳು ನಿಲ್ಲಲಿಲ್ಲ.

ಯೇಸುವಿನ ಕಡೆಗೆ ಬಂದರೂ ನಾವು ಕಾಣುವುದು ಬೇರೇನಲ್ಲ. ದೀಕ್ಷಾಸ್ನಾನದ ಹೊತ್ತಿನಲ್ಲಿ ಆಕಾಶದಿಂದ ವಾಣಿಯಾಯಿತು. ಬೆಟ್ಟದ ಮೇಲೆ ರೂಪಾಂತರವಾದಾಗಲೂ ವಾಣಿಯಾಯಿತು. ಗೆತ್ಸೇಮನೆ ತೋಟದಲ್ಲಿ ಅದೇ ಬೇಡಿಕೆಯನ್ನು ಮೂರು ಸಲ ಬೇಡಿದಾಗ ಅಂಥ ವಾಣಿಯಿಲ್ಲ, ಶಿಷ್ಯರೋ ನಿದ್ದೆಯಲ್ಲಿದ್ದರು. ಶಿಲುಬೆಯ ಮೇಲೆ, ಮತ್ತಾಯ ಮತ್ತು ಮಾರ್ಕರ ಪ್ರಕಾರ, ಆತನು ಕೂಗಿದ್ದು 22ನೆಯ ಕೀರ್ತನೆಯ ಆರಂಭವನ್ನು, ಅಂದರೆ ಕೈಬಿಡಲ್ಪಟ್ಟವನ ಪ್ರಶ್ನೆಯನ್ನು. ಆಗಲೂ ಆಕಾಶ ಮಾತಾಡಲಿಲ್ಲ. ವಿಶ್ವಾಸವಿದ್ದರೆ ಉತ್ತರ ಬಂದೇ ಬರುತ್ತದೆಂದು ವಾದಿಸುವವರು ಈ ಶುಕ್ರವಾರಕ್ಕೆ ಏನು ಹೇಳುತ್ತಾರೆ? ಮೂರನೆಯ ದಿನ ಪುನರುತ್ಥಾನವಾಯಿತಲ್ಲ ಎನ್ನಬಹುದು. ಆಯಿತು, ನಾನೂ ಅದನ್ನು ನಂಬುತ್ತೇನೆ. ಆದರೆ ಭಾನುವಾರವನ್ನು ತೋರಿಸಿ ಶುಕ್ರವಾರದ ಕೂಗನ್ನು ಅಡಗಿಸಬಾರದು.

ಎಡೆಬಿಡದೆ ಪ್ರಾರ್ಥಿಸಿರಿ ಎನ್ನುವುದಕ್ಕೆ ಲೂಕನ ಸುವಾರ್ತೆಯ 18ನೆಯ ಅಧ್ಯಾಯದ ವಿಧವೆಯ ಸಾಮ್ಯವನ್ನು ಎಲ್ಲರೂ ಉದಾಹರಿಸುತ್ತಾರೆ. ದೇವರಿಗೂ ಹೆದರದ, ಮನುಷ್ಯರನ್ನೂ ಲೆಕ್ಕಿಸದ ನ್ಯಾಯಾಧಿಪತಿಯ ಬಳಿಗೆ ಆಕೆ ಮತ್ತೆ ಮತ್ತೆ ಬರುತ್ತಾಳೆ. ಕಾಟ ತಾಳಲಾರದೆ ಅವನು ನ್ಯಾಯ ತೀರಿಸುತ್ತಾನೆ. ಇದನ್ನು ಸರಕಾರಿ ಕಚೇರಿಯ ಕಡತದಂತೆ, ಹತ್ತು ಸಲ ಅಲೆದರೆ ಕೆಲಸವಾಗುತ್ತದೆ ಎಂಬರ್ಥದಲ್ಲಿ ವಿವರಿಸುವುದನ್ನು ಕೇಳಿದ್ದೇನೆ. ನನಗೆ ಅದು ಒಪ್ಪಿಗೆಯಾಗದು. ಯೇಸು ದೇವರನ್ನು ಆ ನ್ಯಾಯಾಧಿಪತಿಗೆ ಹೋಲಿಸುತ್ತಿಲ್ಲ, ಅವನಿಗೆ ಎದುರಾಗಿ ನಿಲ್ಲಿಸುತ್ತಾನೆ. ಆ ಸಾಮ್ಯ ಮುಗಿಯುವುದು ಆಶ್ವಾಸನೆಯಿಂದಲ್ಲ, ಪ್ರಶ್ನೆಯಿಂದ: ಮನುಷ್ಯಕುಮಾರನು ಬರುವಾಗ ಭೂಮಿಯ ಮೇಲೆ ನಂಬಿಕೆಯನ್ನು ಕಾಣುವನೋ ಎಂದು. ಹಾಗಾದರೆ ಅಲ್ಲಿ ನಂಬಿಕೆ ಎಂದರೆ ಏನು? ಆ ವಿಧವೆಯ ಓಡಾಟವೇ. ಉತ್ತರ ಬರುವ ಮುಂಚೆಯೇ ಅದನ್ನು ನಂಬಿಕೆಯೆಂದು ಕರೆದಾಗಿದೆ.

ಮದರ್ ತೆರೇಸಾ ಅವರ ವಿಷಯ ನಿಮಗೆ ಗೊತ್ತಿರಬಹುದು. 1946ರ ಸೆಪ್ಟೆಂಬರಿನಲ್ಲಿ ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ ತಮಗೆ ಕರೆ ಬಂತೆಂದು ಅವರು ನಂಬಿದ್ದರು. ಆದರೆ ಬಡವರ ನಡುವೆ ಕೆಲಸ ಆರಂಭಿಸಿದ ಮೇಲೆ, ಅದೇ ಕರೆಯನ್ನು ಕೊಟ್ಟ ದೇವರು ಮೌನವಾದನು. 1958ರಲ್ಲಿ ಕೆಲವು ವಾರಗಳ ಬಿಡುವನ್ನುಳಿದು, 1997ರಲ್ಲಿ ತೀರಿಕೊಳ್ಳುವವರೆಗೆ ಸುಮಾರು ಅರ್ಧ ಶತಮಾನ ಈ ಒಳಗಿನ ಕತ್ತಲೆ ಅವರ ಜೊತೆಗಿತ್ತು. ತಮ್ಮ ಗುರುಗಳಿಗೆ ಬರೆದ ಆ ಪತ್ರಗಳನ್ನು ನಾಶಪಡಿಸಬೇಕೆಂದು ಅವರು ಕೇಳಿಕೊಂಡಿದ್ದರು. ಆದರೂ ಪತ್ರಗಳು ಉಳಿದವು, 2007ರಲ್ಲಿ ಪುಸ್ತಕವಾಗಿ ಬಂದವು. ಆಗ ಕೆಲವರು, ಇವರಿಗೆ ನಂಬಿಕೆಯೇ ಇರಲಿಲ್ಲ, ಎಲ್ಲವೂ ನಟನೆ ಎಂದರು. ನಾನು ಕಥೋಲಿಕನಲ್ಲ, ಅವರ ಕಾರ್ಯದ ಬಗ್ಗೆ ಬಂದ ಟೀಕೆಗಳನ್ನೂ ಓದಿದ್ದೇನೆ. ಆದರೆ ಈ ಮಾತನ್ನು ಮಾತ್ರ ಒಪ್ಪಲಾರೆ. ಇಲ್ಲದವನಿಗೆ ಯಾರೂ ಐವತ್ತು ವರ್ಷ ಕಾಯುವುದಿಲ್ಲ. 1961ರಲ್ಲಿ ಜೋಸೆಫ್ ನ್ಯೂನರ್ ಎಂಬ ಜೆಸುಯಿಟ್ ಪಾದ್ರಿಯ ಮಾತಿನಿಂದ ಆ ಕತ್ತಲೆಯನ್ನೇ ತಮ್ಮ ಸೇವೆಯ ಭಾಗವೆಂದು ಒಪ್ಪಿಕೊಳ್ಳಲು ಅವರಿಗೆ ಸಾಧ್ಯವಾಯಿತು; ಕತ್ತಲೆಯೇನೂ ಹೋಗಲಿಲ್ಲ. ಒಂದು ಎಚ್ಚರಿಕೆ ಹೇಳಬೇಕು: ದುಃಖದಲ್ಲಿರುವವರಿಗೆ ಈ ಕಥೆಯನ್ನು ಬೆತ್ತದಂತೆ ಬಳಸಬೇಡಿ. ‘ಅವರು ಐವತ್ತು ವರ್ಷ ಸಹಿಸಿದರು, ನಿಮಗೆ ಒಂಬತ್ತು ವರ್ಷ ಹೆಚ್ಚಾಯಿತೇ’ ಎನ್ನುವುದೂ ಎಲೀಫಜನ ಮಾತೇ.

ನನ್ನ ಜೊತೆ ವಿಜ್ಞಾನ ಪಾಠ ಮಾಡುತ್ತಿದ್ದ ಗೆಳೆಯರೊಬ್ಬರಿದ್ದಾರೆ. ನಿಮ್ಮಲ್ಲಿ ಹಲವರಿಗೆ ಅವರು ಯಾರೆಂದು ಈಗಾಗಲೇ ತಿಳಿದಿರುತ್ತದೆ. ಅವರು ಯಾವ ದೇವರನ್ನೂ ನಂಬುವವರಲ್ಲ. “ಮಾಸ್ಟ್ರೇ, ಆಚೆ ಕಡೆ ಯಾರೂ ಇಲ್ಲದಿದ್ದರೆ ಮೌನವಿರುವುದು ಸಹಜವಲ್ಲವೇ?” ಎಂದು ಅವರು ನನ್ನನ್ನು ಕೇಳಿದ್ದುಂಟು. ತರ್ಕದಲ್ಲಿ ಅವರನ್ನು ಗೆಲ್ಲಲು ನನ್ನಿಂದ ಸಾಧ್ಯವಿಲ್ಲ, ಗೆಲ್ಲಲು ಹೊರಟಿಲ್ಲ ಕೂಡ. ಆದರೆ ಎರಡು ವರ್ಷ ಪ್ರತಿ ಗುರುವಾರ ತಮ್ಮ ಮಾರುತಿ ಕಾರಿನಲ್ಲಿ ನಮ್ಮಿಬ್ಬರನ್ನು ಆಸ್ಪತ್ರೆಗೆ ಕರೆದೊಯ್ದು, ನಾಲ್ಕು ಗಂಟೆ ಹೊರಗೆ ಪತ್ರಿಕೆ ಓದುತ್ತ ಕುಳಿತು, ಮರಳಿ ಮನೆಗೆ ಬಿಡುತ್ತಿದ್ದವರು ಅವರೇ. ಏಕೆ ಹೀಗಾಯಿತೆಂದು ಒಂದು ದಿನವೂ ವಿವರಿಸಲಿಲ್ಲ. ಯೋಬನ ಸ್ನೇಹಿತರು ಮಾಡಿದ ಒಂದೇ ಒಳ್ಳೆಯ ಕೆಲಸ ಮೊದಲಿನ ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕುಳಿತದ್ದು. ನನ್ನ ಗೆಳೆಯರು ಆ ಪುಸ್ತಕವನ್ನು ಓದಿಲ್ಲ.

ನಮ್ಮ ಸಭೆಯ ಸಮಿತಿಗೆ ಈಚೆಗೆ ಒಂದು ಪತ್ರ ಕೊಟ್ಟಿದ್ದೇನೆ. ಶುಭ ಶುಕ್ರವಾರಕ್ಕೆ ಮುಂಚಿನ ನಲವತ್ತು ದಿನಗಳಲ್ಲಿ ಒಂದು ಸಂಜೆ, ಉತ್ತರ ಸಿಗದವರೂ ಬಂದು ಕುಳಿತುಕೊಳ್ಳುವಂಥ ಆರಾಧನೆ ಇರಲಿ. ಪ್ರಸಂಗ ಬೇಡ, ವಿವರಣೆ ಬೇಡ. 88ನೆಯ ಕೀರ್ತನೆಯನ್ನು ಓದಿ, ಯಾರಿಗಾದರೂ ಹೇಳಲಿಕ್ಕಿದ್ದರೆ ಕನ್ನಡದಲ್ಲೋ ತುಳುವಿನಲ್ಲೋ ಹೇಳಲಿ ಎಂಬುದು ಅದರ ಸಾರ. ಹಿರಿಯರೊಬ್ಬರು ಫೋನು ಮಾಡಿ, ಕೊನೆಗೊಂದು ಸಂತೋಷದ ಹಾಡಾದರೂ ಇರದಿದ್ದರೆ ಜನ ಬೇಸರದಲ್ಲಿ ಮನೆಗೆ ಹೋಗುವುದಿಲ್ಲವೇ ಎಂದು ಕೇಳಿದರು. ಆ ಹಾಡನ್ನು ಮರುವಾರ ಹಾಡೋಣ ಎಂದಿದ್ದೇನೆ. ಸಮಿತಿ ಇನ್ನೂ ತೀರ್ಮಾನಿಸಿಲ್ಲ.