ಹೆಸರು ಕೇಳಿದರೆ ಹೇಳಲೊಂದು ಅರ್ಥವಿರಲಿ

ಪರದೇಶದಲ್ಲಿ ಮಗುವಿಗೆ ಹೆಸರಿಡುವಾಗ ನಮ್ಮ ಮೊದಲ ಚಿಂತೆ, ಇಲ್ಲಿನವರ ನಾಲಿಗೆಗೆ ಅದು ಹೊರಳೀತೇ ಎಂಬುದು. ನಾವೂ ಅಂತರ್ಜಾಲದ ಪಟ್ಟಿಯಿಂದ ಎರಡಕ್ಷರದ ಹೆಸರೊಂದನ್ನು ಆಯ್ದು, ತೊಟ್ಟಿಲಲ್ಲಿದ್ದ ಮಗಳ ಕಿವಿಯಲ್ಲಿ ಉಸುರಿದೆವು. ನನ್ನ ಅಜ್ಜಿಯ 'ಚೆನ್ನಮ್ಮ' ಎಂಬ ಹೆಸರು ಹಳತೆನಿಸಿತ್ತು. ಹತ್ತು ವರ್ಷಗಳ ಬಳಿಕ ಮಗಳು ತನ್ನ ಹೆಸರಿನ ಅರ್ಥ ಕೇಳಿದಳು. ಪಟ್ಟಿಯಲ್ಲಿದ್ದ ಅರ್ಥ ಯಾವ ನಿಘಂಟಿನಲ್ಲೂ ಸಿಗಲಿಲ್ಲ. ಅಂದು ಅವಳಿಗೆ ನಾನು ಹೇಳಿದ್ದು ಮುತ್ತಜ್ಜಿಯ ಹೆಸರಿನ ಅರ್ಥವನ್ನು.

'ಚೆನ್ನು' ಎಂದರೆ ಚೆಲುವು. 1824ರಲ್ಲಿ ಬ್ರಿಟಿಷರನ್ನು ಎದುರಿಸಿದ ಕಿತ್ತೂರಿನ ರಾಣಿಯದೂ ಅದೇ ಹೆಸರು. 'ಹದಿಬದೆಯ ಧರ್ಮ' ಬರೆದ ಸಂಚಿಯ ಹೊನ್ನಮ್ಮನ ಹೆಸರಿನಲ್ಲಿ ಹೊನ್ನು ಹೊಳೆಯುತ್ತದೆ. ಸಂಸ್ಕೃತದ 'ವೃಷಭ' ಕನ್ನಡಿಗರ ಬಾಯಲ್ಲಿ ಪಳಗಿ 'ಬಸವ'ನಾಯಿತು. ನಾವು ಹಳತೆಂದು ಬದಿಗಿರಿಸಿದ ಹೆಸರುಗಳಲ್ಲಿ ಇಷ್ಟೊಂದು ಸಿರಿಯಿದೆ.

ಹಳೆಯ ಹೆಸರನ್ನೇ ಇಡಬೇಕೆಂಬ ಹಟ ನನಗಿಲ್ಲ. ಚಿಕ್ಕದೇ ಬೇಕೆಂದರೆ ಸೂರ್ಯನೆಂಬ ಅರ್ಥದ 'ನೇಸರ'ವಿದೆ, ಇನಿದನಿಯೆಂಬ ಅರ್ಥದ 'ಇಂಚರ'ವಿದೆ. ಜನನಪತ್ರದಲ್ಲಿ ಬರೆಸುವ ಮುನ್ನ ಊರಿನ ಹಿರಿಯರನ್ನೊಮ್ಮೆ ಕೇಳೋಣ, ನಿಘಂಟನ್ನೊಮ್ಮೆ ತೆರೆಯೋಣ. ಮಗು ಒಂದು ದಿನ ಕೇಳಿಯೇ ಕೇಳುತ್ತದೆ. ಆಗ ನಮ್ಮಲ್ಲಿ ಉತ್ತರವಿರಲಿ.